ಉಲ್ಲೇಖಗಳ ಎಣಿಕೆಯೂ ಶೋಧನೆಯ ಬೆಲೆಯೂ

ವಿಜ್ಞಾನಿಯ ಸಾಧನೆಯನ್ನು ಅಂಕಿಯಿಂದ ಅಳೆಯಬಹುದೆ? 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಅವರು ಎಚ್-ಸೂಚ್ಯಂಕವೆಂಬ ಅಳತೆಯನ್ನು ಸೂಚಿಸಿದರು. ಒಬ್ಬನ ಐದು ಪ್ರಬಂಧಗಳನ್ನು ಇತರರು ಕ್ರಮವಾಗಿ 10, 8, 5, 4, 3 ಬಾರಿ ಉಲ್ಲೇಖಿಸಿರುವರೆನ್ನೋಣ. 4 ಪ್ರಬಂಧಗಳಿಗೆ ಕನಿಷ್ಠ ನಾಲ್ಕು ಉಲ್ಲೇಖಗಳುಂಟು. ಐದೂ ಪ್ರಬಂಧಗಳಿಗೆ ಐದೈದು ಇಲ್ಲ. ಆದುದರಿಂದ ಅವನ ಸೂಚ್ಯಂಕ 4.

ಇದನ್ನು ಒಂದು ನಿದರ್ಶನದಿಂದ ಪರೀಕ್ಷಿಸೋಣ. ಜೀವಕೋಶದೊಳಗೆ ಸಂದೇಶ ಸಾಗುವಾಗ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಕೊಳ್ಳುವುದುಂಟು. ಸೆರೀನ್, ಥ್ರಿಯೊನೀನ್ ಎಂಬ ಅಮೈನೊ ಆಮ್ಲಗಳೇ ಅದಕ್ಕೆ ನೆಲೆಯೆಂದು ತಿಳಿಯಲಾಗಿತ್ತು. 1979ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ಟೋನಿ ಹಂಟರ್ ಅವರು, ಈ ಘಟಕಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುವಾಗ ಹಳೆಯ ದ್ರಾವಣವನ್ನೇ ಬಳಸಿದರು. ಅದರ ಆಮ್ಲೀಯತೆ ಕೊಂಚ ಏರಿತ್ತು. ಅದರಿಂದಾಗಿ, ಥ್ರಿಯೊನೀನಿನೊಡನೆ ಬೆರೆತುಹೋಗುತ್ತಿದ್ದ ಮೂರನೆಯದೊಂದು ಪ್ರತ್ಯೇಕವಾಗಿ ಗೋಚರಿಸಿತು: ಫಾಸ್ಫೇಟ್ ಹೊತ್ತ ಟೈರೊಸೀನ್! ಇದೇ ಹಾದಿಯ ಸಂಶೋಧನೆಗಳಿಂದ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಇಮ್ಯಾಟಿನಿಬ್ ಎಂಬ ಔಷಧ ದೊರೆತು, 2001ರಲ್ಲಿ ಅಮೆರಿಕದಲ್ಲಿ ಬಳಕೆಗೆ ಅನುಮತಿ ಪಡೆಯಿತು.

ಇನ್ನೊಂದೆಡೆ, ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವನ್ನು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದರು. ಆ ಪ್ರಬಂಧಕ್ಕೆ 2014ರ ವೇಳೆಗೆ 3 ಲಕ್ಷಕ್ಕೂ ಮಿಕ್ಕಿ ಉಲ್ಲೇಖಗಳು ಸಂದಿದ್ದವು. ಅದು ಪ್ರಯೋಗಶಾಲೆಗಳಿಗೆಲ್ಲ ಬೇಕಾದ ಉಪಕರಣ. ಹಂಟರರದು ಹೊಸ ಕಾಣ್ಕೆ. ಆದರೆ ಎಚ್-ಸೂಚ್ಯಂಕದ ಲೆಕ್ಕದಲ್ಲಿ ಇಂಥ ಪ್ರಬಂಧ ಯಾವುದಾದರೂ ಒಂದೇ ಒಂದು!

ಉಲ್ಲೇಖಗಳ ಎಣಿಕೆಯು ಬಳಕೆಯ ವ್ಯಾಪ್ತಿಯನ್ನು ತಿಳಿಸುವುದು. ಶೋಧನೆಯ ಆಳವನ್ನು ತಿಳಿಸಲಾರದು. ಆಳವನ್ನು ಅರಿಯಬೇಕಾದರೆ ನಾವು ಪ್ರಬಂಧವನ್ನೇ ಓದಬೇಕು.