ಬೇಸಿಲ್ ಇಲ್ಲವೆಂದು ಪೆಸ್ಟೊ ಬಿಡಬೇಡ

ಮಗೂ, ಜರ್ಮನಿಯ ಚಳಿಗಾಲದಲ್ಲಿ ಬೇಸಿಲ್ ಕೊಂಡು ಪೂರೈಸುವುದಿಲ್ಲ, ಅದಕ್ಕೇ ಪೆಸ್ಟೊ ಮಾಡುವುದನ್ನೇ ನಿಲ್ಲಿಸಿದೆ ಅಂದೆಯಲ್ಲ, ನಿಲ್ಲಿಸಬೇಡ. ಪೆಸ್ಟೊದ ತವರಾದ ಜಿನೋವಾದವರೇ ಅಷ್ಟು ಹಟ ಹಿಡಿದವರಲ್ಲ. 1863ರಲ್ಲಿ ಜೊವಾನ್ನಿ ಬಾತ್ತಿಸ್ತಾ ರಾತ್ತೊ ಅಚ್ಚು ಹಾಕಿಸಿದ ಜಿನೋವಾ ಅಡುಗೆ ಪುಸ್ತಕದಲ್ಲಿ, ಬೇಸಿಲ್ ಸಿಗದಿದ್ದರೆ ಮರುಗ ಮತ್ತು ಪಾರ್ಸ್ಲಿ ಹಾಕಿ ಎಂದಿದೆ. ನಮ್ಮ ಕಡೆ ಹೂವಿನ ಜೊತೆ ಸೇರಿಸಿ ಕಟ್ಟುತ್ತಾರಲ್ಲ, ಆ ಮರುಗವೇ.

ಆದರೆ ಕೈಗೆ ಸಿಕ್ಕಿದ ಸೊಪ್ಪನ್ನು ಅದೇ ಅಳತೆಯಲ್ಲಿ ಮಿಕ್ಸಿಗೆ ತುಂಬಿದರೆ ಆಗದು. ಮೊದಲು ಒಂದೆಲೆ ಹಸಿಯಾಗಿಯೇ ಅಗಿದು ನೋಡು. ತಂಬುಳಿಗೆ ಸೊಪ್ಪು ಆರಿಸುವಾಗ ನಿನ್ನಜ್ಜಿ ಹಾಗೇ ಮಾಡುತ್ತಿದ್ದರು. ಪಾರ್ಸ್ಲಿ ಸೌಮ್ಯ, ಹಾಗೇ ಅರೆಯಬಹುದು. ರುಕೋಲಾ ಖಾರ, ಅದಕ್ಕೆ ಬೆಳ್ಳುಳ್ಳಿ ಅರ್ಧಕ್ಕಿಳಿಸಿ ವಾಲ್‌ನಟ್ ಹೆಚ್ಚಿಸು. ಕ್ಯಾರೆಟ್ ಸೊಪ್ಪು ಸ್ವಲ್ಪ ಕಹಿ. ದಂಟು ತೆಗೆದು ಬರೀ ಎಳೆಯ ಎಲೆ ಬಿಡಿಸಿಕೊಂಡು, ಅಷ್ಟೇ ಪಾರ್ಸ್ಲಿ ಬೆರೆಸು.

ಕೇಲ್, ಪಾಲಕ್, ಮೂಲಂಗಿ ಸೊಪ್ಪಾದರೆ ಉಪ್ಪು ಹಾಕಿದ ಕುದಿನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ, ಕೂಡಲೇ ಐಸ್ ನೀರಿಗೆ ಹಾಕು. ಎಲೆ ಕಪ್ಪಾಗಿಸುವ ಕಿಣ್ವ ಆ ಬಿಸಿಗೆ ಸಾಯುತ್ತದೆ, ಹಸಿರು ಉಳಿಯುತ್ತದೆ. ಆಮೇಲೆ ಮುಷ್ಟಿಯಲ್ಲಿ ಬಿಗಿಹಿಡಿದು, ಇನ್ನೊಂದು ಹನಿಯೂ ಬಾರದಷ್ಟು ಹಿಂಡು. ಇಲ್ಲಿ ಅವಸರ ಮಾಡಿದರೆ ಪೆಸ್ಟೊ ನೀರುನೀರಾಗಿ, ಎಣ್ಣೆ ಬೇರೆ, ಸೊಪ್ಪು ಬೇರೆಯಾಗಿ ಕೂರುತ್ತದೆ. ಮೊದಲ ಸಲಕ್ಕೆ 50 ಗ್ರಾಂ ಎಲೆಗೆ ಎರಡು ಚಮಚ ಹುರಿದ ಬೀಜ, ಒಂದು ಸಣ್ಣ ಎಸಳು ಬೆಳ್ಳುಳ್ಳಿ, 30 ಗ್ರಾಂ ಚೀಸ್ ಸಾಕು. ಪೈನ್ ಬೀಜವೇ ಬೇಕೆಂದಿಲ್ಲ, ಸೂರ್ಯಕಾಂತಿ ಬೀಜ ಅಗ್ಗ, ರುಚಿಯೂ ಚೆನ್ನ. ತರಿತರಿಯಾಗಿ ಅರೆದಾದ ಮೇಲೆ ಆಲಿವ್ ಎಣ್ಣೆಯನ್ನು ಕೈಯಲ್ಲೇ ಕಲಸು. ಮಿಕ್ಸಿಯಲ್ಲಿ ಹೆಚ್ಚು ತಿರುಗಿದರೆ ಎಣ್ಣೆ ಕಹಿಯಾಗುತ್ತದೆ.

ನಮ್ಮ ಮನೆಯವರು ಬಂದಾಗ ಚೀಸ್ ಪೊಟ್ಟಣ ಓದಿಯೇ ಹಾಕು. ಪಾರ್ಮಿಜಾನೊಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಸಸ್ಯಾಹಾರಿಗಳಿಗೆ ಬಡಿಸುವ ಮೊದಲು ಇದನ್ನು ಹೇಳುವುದು ನಿನ್ನ ಹೊಣೆ. ಸಸ್ಯಮೂಲದ ಅಥವಾ ಮೈಕ್ರೋಬಿಯಲ್ ರೆನೆಟ್‌ನ ಗಟ್ಟಿ ಚೀಸ್ ಅಲ್ಲಿ ಸಿಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ವಸಂತ ಬಂದರೆ ಅಲ್ಲಿಯ ಜನ ಬೇರ್‌ಲೌಖ್ ಎಂಬ ಕಾಡುಬೆಳ್ಳುಳ್ಳಿ ಸೊಪ್ಪು ಕೀಳಲು ಕಾಡಿಗೆ ಹೊರಡುತ್ತಾರೆ. ಅದರ ಪೆಸ್ಟೊ ಸೊಗಸು, ಸಂಶಯವಿಲ್ಲ. ಆದರೆ ಲಿಲಿ ಆಫ್ ದಿ ವ್ಯಾಲಿ ಮತ್ತು ಆಟಮ್ ಕ್ರೋಕಸ್ ಎಲೆಗಳೂ ನೋಡಲು ಹಾಗೆಯೇ ಇರುತ್ತವೆ, ಎರಡೂ ವಿಷ. ಕ್ರೋಕಸ್‌ನಲ್ಲಿರುವ ಕಾಲ್ಚಿಸಿನ್ ಬೇಯಿಸಿದರೂ ಹೋಗುವುದಿಲ್ಲ, ತಿಂದು ಸತ್ತವರಿದ್ದಾರೆ. ಮೂಸಿ ನೋಡಿದರೆ ಗೊತ್ತಾಗುತ್ತದೆ ಅನ್ನುವವರ ಮಾತು ನಂಬಬೇಡ. ನಾಲ್ಕು ಎಲೆ ಕಿತ್ತ ಮೇಲೆ ನಿನ್ನ ಬೆರಳೇ ಬೆಳ್ಳುಳ್ಳಿ ನಾರುತ್ತಿರುತ್ತದೆ, ಐದನೆಯದು ಯಾವುದೆಂದು ಮೂಗು ಹೇಗೆ ಹೇಳೀತು? ಗುರುತು ಬಲ್ಲವರು ಜೊತೆಗಿಲ್ಲದಿದ್ದರೆ ಸಂತೆಯಲ್ಲೇ ಕೊಂಡುಕೋ.

ಉಳಿದದ್ದನ್ನು ಹೊರಗಿಡಬೇಡ. ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿ ಬಾಟ್ಯುಲಿಸಂ ಅಣುಜೀವಿಗೆ ಒಳ್ಳೆಯ ಬೀಡು. ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸು. ಹೆಚ್ಚಿದ್ದರೆ ಚೀಸ್ ಹಾಕುವ ಮೊದಲೇ ಐಸ್ ಟ್ರೇಗೆ ತುಂಬಿ ಫ್ರೀಜರ್‌ಗೆ ಸೇರಿಸು. ತಿನ್ನುವ ದಿನ ಬಾಣಲೆಯಲ್ಲಿ ಕುದಿಸಬೇಡ. ಪಾಸ್ತಾ ಬಸಿಯುವಾಗ ಒಂದು ಸೌಟು ನೀರು ತೆಗೆದಿಟ್ಟುಕೊಂಡು, ಬಿಸಿ ಪಾಸ್ತಾದ ಮೇಲೆ ಪೆಸ್ಟೊ ಹಾಕಿ, ಆ ಗಂಜಿನೀರನ್ನು ಸ್ವಲ್ಪಸ್ವಲ್ಪವೇ ಬಿಟ್ಟು ಕಲಸು.