ಕಾಳಿ ಹೊಳೆ ಕಲಿಸಿದ ಪಾಠ

ನಾವು ಐದು ಮಂದಿ ಗೆಳೆಯರು. ಬಂಗೂರನಗರದವರು. ಒಂದು ಭಾನುವಾರ ಕಾಳಿ ಹೊಳೆಯಲ್ಲಿ ದೋಣಿ ನಡೆಸಲು ಹೋದೆವು. ಗಾಳಿ ತುಂಬುವ ರಬ್ಬರ್ ದೋಣಿ. ಕಡ ತಂದದ್ದು. ಹುಟ್ಟು ಎರಡು. ಲೈಫ್ ಜಾಕೆಟ್ ಕೂಡ ಎರಡೇ.

"ಉಳಿದ ಮೂವರಿಗೆ?" ಎಂದು ಒಬ್ಬ ಕೇಳಿದ.

"ನಮಗ ಈಜು ಬರತೈತಿ ಬಿಡೋ" ಎಂದೆವು.

ಗಣೇಶಗುಡಿಯ ಕೆಳಗೆ ದೋಣಿ ಇಳಿಸಿದೆವು. ಆಗ ನೀರು ಕಡಿಮೆ ಇತ್ತು. ಬಂಡೆಗಳು ಕಾಣುತ್ತಿದ್ದವು. ಒಬ್ಬ ಮುಂದಕ್ಕೆ ಹುಟ್ಟು ಹಾಕಿದ. ಇನ್ನೊಬ್ಬ ಹಿಂದಕ್ಕೆ ಹಾಕಿದ. ದೋಣಿ ಬುಗುರಿಯ ಹಾಗೆ ತಿರುಗಿತು. ನಮಗೆ ನಗುವೋ ನಗು.

ಹಸಿವಾಯಿತು. ನಡುಹೊಳೆಯ ಬಂಡೆ ಏರಿ ಬುತ್ತಿ ಬಿಚ್ಚಿದೆವು. ದೋಣಿಯನ್ನು ಕಟ್ಟಲಿಲ್ಲ. ಅರ್ಧ ಮೇಲೆ ಎಳೆದು ಬಿಟ್ಟೆವು.

ರೊಟ್ಟಿ ಮುಗಿದಿರಲಿಲ್ಲ. ಕಾಲಿಗೆ ನೀರು ತಾಗಿತು. ಮೇಲೆ ನೋಡಿದೆವು. ಮೋಡ ಇಲ್ಲ, ಮಳೆ ಇಲ್ಲ. ಆದರೂ ನೀರು ಏರುತ್ತಲೇ ಇತ್ತು. ದೋಣಿ ತೇಲಿ ಹೋಯಿತು. ನೀರು ಮೊಣಕಾಲಿಗೆ ಬಂತು. ಈಜು ಬರುತ್ತದೆ ಎಂದವರೇ ಮೊದಲು ನಡುಗಿದೆವು. ಕೈ ಕೈ ಹಿಡಿದು ಕೂಗಿದೆವು.

ಪ್ರವಾಸಿಗರ ದೋಣಿ ನಡೆಸುವ ಹುಡುಗರಿಗೆ ಕೂಗು ಕೇಳಿಸಿತು. "ಜಿಗೀಬ್ಯಾಡ್ರಿ! ಹಗ್ಗ ಹಿಡೀರಿ!" ಎಂದು ಹಗ್ಗ ಎಸೆದರು. ಒಬ್ಬೊಬ್ಬರನ್ನೇ ತಮ್ಮ ದೋಣಿಗೆ ಎಳೆದುಕೊಂಡರು. ಜೀವ ಉಳಿಯಿತು.

ದಡದಲ್ಲಿ ಒಬ್ಬ ಹಿರಿಯರು ಕೇಳಿದರು: "ದೋಣಿ ಇಳಿಸೋ ಕಡೆ ಬೋರ್ಡ್ ಐತಲ್ಲ, ಓದಲಿಲ್ಲೇನ್ರಿ?"

ನಾವು ತಲೆ ತಗ್ಗಿಸಿದೆವು. ನೀರು ಯಾವಾಗ ಬೇಕಾದರೂ ಏರಬಹುದು ಎಂದು ಆ ಬೋರ್ಡಿನಲ್ಲಿ ಬರೆದಿತ್ತು. ನಾವು ಐವರೂ ಓದು ಬಲ್ಲವರು. ಆದರೆ ಅದರ ಮೇಲೆ ನಮ್ಮ ಅಂಗಿ ತೂಗುಹಾಕಿದ್ದೆವು!

ನೀರು ಏಕೆ ಏರಿತು?

ಕಾಳಿ ನದಿ ಜೋಯಿಡಾ ತಾಲೂಕಿನ ಡಿಗ್ಗಿ ಬಳಿ ಹುಟ್ಟುತ್ತದೆ. ಸುಮಾರು 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಸಮುದ್ರ ಸೇರುತ್ತದೆ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಇದೆ. ಎತ್ತರ 101 ಮೀಟರ್. ಕರೆಂಟು ಬೇಕಾದಾಗ ಅಲ್ಲಿ ಯಂತ್ರ ನಡೆಸುತ್ತಾರೆ. ಯಂತ್ರ ತಿರುಗಿಸಿದ ನೀರು ಹೊಳೆಗೆ ಬರುತ್ತದೆ. ಆದ್ದರಿಂದ ಬೇಸಿಗೆಯಲ್ಲೂ ಹೊಳೆ ಏರುತ್ತದೆ. ದೀಪ ಉರಿಸುವ ನೀರೇ ಎಚ್ಚರ ತಪ್ಪಿದವರನ್ನು ಮುಳುಗಿಸುತ್ತದೆ. ದಾಂಡೇಲಿಯ ಸುತ್ತ ಹೊಳೆಯಲ್ಲಿ ಮೊಸಳೆಗಳೂ ಇವೆ.

ನೆನಪಿಡಿ

1. ಎಲ್ಲರಿಗೂ ಲೈಫ್ ಜಾಕೆಟ್ ಇಲ್ಲದೆ ದೋಣಿ ಏರಬೇಡಿ.
2. ಹೊಳೆ ಬಲ್ಲವರು ಜೊತೆಗಿರಲಿ.
3. ನಡುಹೊಳೆಯ ಬಂಡೆಯ ಮೇಲೆ ಕೂರಬೇಡಿ.
4. ಸೆಳವಿಗೆ ಬಿದ್ದರೆ ಎದುರು ಈಜಬೇಡಿ. ಅಂಗಾತ ಮಲಗಿ, ಕಾಲು ಮುಂದಿಟ್ಟು ತೇಲಿ.
5. ಮುಳುಗುವವರಿಗೆ ಹಗ್ಗ ಎಸೆಯಿರಿ. 112ಕ್ಕೆ ಫೋನ್ ಮಾಡಿ.

ಮಾತಾಡೋಣ

1. ಮಳೆ ಇಲ್ಲದಿದ್ದರೂ ಹೊಳೆ ಏಕೆ ಏರಿತು?
2. ಗೆಳೆಯರು ಮಾಡಿದ ತಪ್ಪುಗಳು ಎಷ್ಟು? ಎಣಿಸಿ.
3. ನಿಮ್ಮೂರಿನ ಕೆರೆ, ಹೊಳೆಯ ಬಳಿ ಯಾವ ಬೋರ್ಡ್ ಇದೆ? ನಾಳೆ ಓದಿಕೊಂಡು ಬನ್ನಿ.

ಅಕ್ಷರ ಕಲಿತರೆ ಸಾಲದು. ಕಂಡದ್ದನ್ನು ನಿಂತು ಓದಬೇಕು.