ಕಂಪಲ್ಷನ್ ಮತ್ತು ಕೊಅರ್ಷನ್: ಒಂದು ಅರ್ಥವಿವೇಚನೆ

ಆಂಗ್ಲ ಭಾಷೆಯ ‘ಕಂಪಲ್ಷನ್’, ‘ಕೊಅರ್ಷನ್’ ಎಂಬ ಎರಡು ಶಬ್ದಗಳಿಗೂ ನಮ್ಮ ವಿದ್ಯಾರ್ಥಿಗಳು ‘ಒತ್ತಾಯ’ವೆಂಬ ಒಂದೇ ಅರ್ಥವನ್ನು ಬರೆಯುವುದುಂಟು. ಎರಡರಲ್ಲಿಯೂ ಇಚ್ಛೆಯನ್ನು ಮೀರಿದ ಒತ್ತಡವಿರುವುದು ದಿಟ. ಆದರೆ ಆ ಒತ್ತಡದ ಮೂಲ ಬೇರೆ. ಆದುದರಿಂದ ಅರ್ಥವೂ ಬೇರೆ.

ಇವೆರಡೂ ಲ್ಯಾಟಿನ್ ಮೂಲದವು. ಮೊದಲನೆಯದರ ಮೂಲಾರ್ಥ ‘ಅಟ್ಟುವುದು’. ಎರಡನೆಯದರದು ‘ಆವರಿಸಿ ತಡೆಯುವುದು’. ಅಟ್ಟುವ ಶಕ್ತಿ ಮನುಷ್ಯನದೇ ಆಗಬೇಕೆಂದಿಲ್ಲ. ಮಳೆ ಕೈಕೊಟ್ಟ ವರ್ಷ ರೈತನು ಎತ್ತುಗಳನ್ನು ಮಾರುತ್ತಾನೆ. ಅವನನ್ನು ಯಾರೂ ಬೆದರಿಸಿಲ್ಲ. ಇದು ಕಂಪಲ್ಷನ್. ಅದೇ ರೈತನಿಗೆ ಸಾಹುಕಾರನು, “ಕಾಗದಕ್ಕೆ ಹೆಬ್ಬೆಟ್ಟು ಒತ್ತದಿದ್ದರೆ ಹೊಡೆಯಿಸುವೆನು” ಎಂದರೆ ಅದು ಕೊಅರ್ಷನ್. ಇಲ್ಲಿ ಬೆದರಿಸುವ ಇನ್ನೊಬ್ಬನ ಸಂಕಲ್ಪವಿದೆ. 1872ರ ಭಾರತೀಯ ಕರಾರು ಕಾಯಿದೆಯು ಹೀಗೆ ಪಡೆದ ಸಮ್ಮತಿಯನ್ನು ಸ್ವತಂತ್ರ ಸಮ್ಮತಿಯೆಂದು ಎಣಿಸುವುದಿಲ್ಲ. ಬೆದರಿಕೆಗೊಳಗಾದವನು ಆ ಕರಾರನ್ನು ರದ್ದುಗೊಳಿಸಬಹುದು.

ನಮ್ಮ ನಾಡಿನ ಇತಿಹಾಸದಲ್ಲಿಯೂ ಈ ಭೇದ ಕಾಣುತ್ತದೆ. 1857ರಲ್ಲಿ ಬ್ರಿಟಿಷ್ ಸರಕಾರವು ದಂಡನೆಯ ಭಯ ತೋರಿಸಿ ಜನರ ಆಯುಧಗಳನ್ನು ಕಸಿಯತೊಡಗಿತು. ಅದು ಕೊಅರ್ಷನ್. 1858ರಲ್ಲಿ ಮುಂಡರಗಿ ಭೀಮರಾಯನು ಬಂಡೆದ್ದನು. ಅವನ ಪಡೆ ಡಂಬಳದ ಖಜಾನೆಯ ಮೇಲೆ ಬಿದ್ದಿತು. ಸ್ವಾಭಿಮಾನವೇ ಅವನನ್ನು ಮುಂದಕ್ಕೆ ಅಟ್ಟಿತೆಂದು ಹೇಳುವುದಾದರೆ, ಆ ಒಳಗಿನ ಒತ್ತಡಕ್ಕೆ ಕಂಪಲ್ಷನ್ ಎಂಬ ಶಬ್ದವೇ ಸಲ್ಲುತ್ತದೆ.

ಇನ್ನು ಕನ್ನಡದ ಮಾತು. ‘ಒತ್ತು’ ಧಾತುವಿನಿಂದಾದ ‘ಒತ್ತಾಯ’ ವಿಶಾಲವಾದುದು. ಪ್ರೀತಿಯ ಊಟದ ಒತ್ತಾಯವೂ ಅದರಲ್ಲಿ ಅಡಗುತ್ತದೆ. ‘ಬಲಾತ್’ ಎಂದರೆ ಬಲದಿಂದ. ಬಲದಿಂದ ಮಾಡುವುದು ‘ಬಲಾತ್ಕಾರ’. ಇದು ಕೊಅರ್ಷನ್ನಿಗೆ ಸರಿಯಾದ ಶಬ್ದವಾದರೂ ಇಂದಿನ ರೂಢಿಯಲ್ಲಿ ಅದರ ಅರ್ಥ ಸಂಕೋಚಗೊಂಡಿದೆ. ಆದುದರಿಂದ ತರಗತಿಯಲ್ಲಿ ‘ಬಲವಂತ’ವೆಂಬುದೇ ಲೇಸು. ಸಂಸ್ಕೃತದಲ್ಲಿ ಬಲವುಳ್ಳವನನ್ನು ಹೇಳುವ ಈ ಶಬ್ದ ಕನ್ನಡದಲ್ಲಿ ಅವನು ಎಸಗುವ ಕಾರ್ಯಕ್ಕೇ ಹೆಸರಾದುದು ಗಮನಾರ್ಹ. ಕಂಪಲ್ಷನ್ನಿಗೆ ಸಂದರ್ಭಾನುಸಾರ ‘ಅನಿವಾರ್ಯತೆ’, ‘ಕಡ್ಡಾಯ’ ಎನ್ನಬಹುದು.

ಶಿಕ್ಷಕರಿಗೆ ಈ ವಿವೇಕ ಅತ್ಯವಶ್ಯ. 2009ರಲ್ಲಿ ರಚಿತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯವೆನ್ನುತ್ತದೆ. ಆದರೆ ಆ ಕಡ್ಡಾಯದ ಭಾರವನ್ನು ಅದು ಮುಖ್ಯವಾಗಿ ಹೊರಿಸುವುದು ಸರಕಾರದ ಮೇಲೆ, ಮಗುವಿನ ಮೇಲಲ್ಲ. ಅದೇ ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಶಿಕ್ಷಣ ಕಡ್ಡಾಯ, ಬಲವಂತ ನಿಷಿದ್ಧ! ಎರಡು ಶಬ್ದಗಳಿಗೆ ಒಂದೇ ಅರ್ಥ ಹಚ್ಚುವವರಿಗೆ ಈ ಕಾಯಿದೆಯೇ ಒಗಟಾದೀತು. ಬೆತ್ತಕ್ಕೆ ಅಂಜಿ ಒಪ್ಪಿಸಿದ ಪಾಠ ಬೆತ್ತದೊಡನೆಯೇ ಮರೆಯಾಗುತ್ತದೆ. ಜಿಜ್ಞಾಸೆಯ ಒತ್ತಡದಿಂದ ಕಲಿತುದು ಬಾಳಿಗೆ ಉಳಿಯುತ್ತದೆ.

ದಾನಿಗಳಾದ ಮಹನೀಯರು ಇದನ್ನು ಬಲ್ಲರು. ದಾಸೋಹಕ್ಕೆ ಜೋಳದ ಚೀಲ ಹೊತ್ತು ತರುವ ಸದ್ಭಕ್ತನನ್ನು ಅವನ ಭಕ್ತಿಯೇ ಅಟ್ಟುತ್ತದೆ. ಅಂಜಿಕೆಯಿಂದ ಕೊಟ್ಟುದು ಕಪ್ಪವಾದೀತೇ ಹೊರತು ದಾಸೋಹವಾಗದು.